ಕೊಡತಿಯಲ್ಲಿ ತಟ್ಟಿದ ಕಾರ್ ಬಾಡಿ

ಹಳೆ ಮಾರುತಿ 800ರ ಎಂಜಿನ್, ಕಬ್ಬಿಣದ ಪೈಪ್ ವೆಲ್ಡ್ ಮಾಡಿದ ಚಾಸಿ, ಎರಡು ಸೀಟು. ಗೋಣಿಕೊಪ್ಪದ ಹತ್ತಿರ ನಮ್ಮ ತೋಟದ ಶೆಡ್ಡಿನಲ್ಲಿ ನಾನೇ ಕಟ್ಟುತ್ತಿದ್ದ ಕಾರು ಇಷ್ಟಾದ ಮೇಲೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: ಬಾಡಿ ಯಾರು ಮಾಡ್ತಾರೆ? ಫೈಬರ್ ಮಾಡಬಹುದಿತ್ತು. ಆದರೆ ನಮ್ಮ ಮಳೆಗಾಲದ ಥಂಡಿಗೆ ಅದರ ಅಂಟು, ಅಂದರೆ ರೆಸಿನ್, ಸರಿಯಾಗಿ ಗಟ್ಟಿಯಾಗುವುದಿಲ್ಲ, ವಾಸನೆ ಬೇರೆ. ಅಲ್ಯುಮಿನಿಯಂ ಆದರೆ ಕೊಡತಿ, ಮರದ ದಿಮ್ಮಿ, ಗ್ಯಾಸ್ ಟಾರ್ಚ್ ಇದ್ದರೆ ಶುರು ಮಾಡಬಹುದು.

ಅಂಗಡಿಯಲ್ಲಿ 5052 ಗ್ರೇಡಿನ ಅಲ್ಯುಮಿನಿಯಂ ಶೀಟ್ ತಗೊಳ್ಳಿ, ಗಟ್ಟಿ ಇರುತ್ತೆ ಅಂತಾರೆ. ನಿಜ, ಅದರಲ್ಲಿ ಮೆಗ್ನೀಸಿಯಂ ಇದೆ. ಫ್ಲೋರಿಗೆ ಅದೇ ಹಾಕಿದೆ. ಕೈಯಲ್ಲಿ ತಟ್ಟಿ ಆಕಾರ ಕೊಡುವುದಕ್ಕೆ ಮಾತ್ರ 1100 ಗ್ರೇಡೇ ಸೈ, ಅದು ಶೇ. 99 ಶುದ್ಧ ಅಲ್ಯುಮಿನಿಯಂ. 1.2 ಮಿ.ಮೀ. ದಪ್ಪದ ಎಂಟು–ನಾಲ್ಕು ಅಡಿ ಶೀಟ್ ಹತ್ತು ಕೆಜಿಯೂ ಬರುವುದಿಲ್ಲ. ಅದೇ ಅಳತೆಯ 0.8 ಮಿ.ಮೀ. ಕಬ್ಬಿಣದ ಶೀಟ್ 18 ಕೆಜಿ ದಾಟುತ್ತದೆ.

ಮೊದಲು ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಬಾಡಿಯ ಅಚ್ಚು ಮಾಡಿಕೊಂಡೆ. ಅದರ ಮೇಲೆ ದಪ್ಪ ಕಾಗದ ಹೊದಿಸಿ ನೋಡಿ. ಕಾಗದ ಸುಮ್ನೆ ಕೂತರೆ ಅಲ್ಲಿ ಶೀಟನ್ನು ಪೈಪಿನ ಮೇಲೆ ಬಗ್ಗಿಸಿದರೆ ಸಾಕು. ನೆರಿಗೆ ಬಿದ್ದ ಕಡೆ ಲೋಹವನ್ನು ಕುಗ್ಗಿಸಬೇಕು, ಹರಿದ ಕಡೆ ಹಿಗ್ಗಿಸಬೇಕು. ನಾನು ಹಿಗ್ಗಿಸುವ, ಕುಗ್ಗಿಸುವ ಕೆಲಸವನ್ನೆಲ್ಲ ಮೂತಿ ಮತ್ತು ಮಡ್‌ಗಾರ್ಡುಗಳಿಗೆ ಮಾತ್ರ ಇಟ್ಟುಕೊಂಡೆ. ಉಳಿದದ್ದೆಲ್ಲ ಬರೀ ಬಾಗು. ಡಿಸೈನ್ ಮಾಡುವಾಗಲೇ ಇದನ್ನು ಯೋಚಿಸಿದರೆ ಅರ್ಧ ಕೆಲಸ ಉಳಿಯುತ್ತದೆ.

ಮುಖ್ಯ ಕೆಲಸ ಶೀಟನ್ನು ಕಾಯಿಸಿ ಮೆದು ಮಾಡುವುದು. ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಸೂಚನೆ ಕೊಡುವುದಿಲ್ಲ. 660 ಡಿಗ್ರಿಗೆ ಕರಗುತ್ತದೆ, ಕಣ್ಣಿಗೆ ಕೊನೆವರೆಗೂ ಬೆಳ್ಳಗೇ ಕಾಣುತ್ತದೆ. ಅದಕ್ಕೇ ಬಟ್ಟೆ ಸೋಪಿನಿಂದ ಶೀಟಿನ ಮೇಲೆ ಗೆರೆ ಎಳೆದು, ಟಾರ್ಚನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹೋಗಬೇಕು. ಗೆರೆ ಕಂದಾಗಿ ಕಪ್ಪಾಗುತ್ತಿದ್ದಂತೆ ಉರಿ ತೆಗೆಯಿರಿ. ತಣ್ಣಗಾದ ಮೇಲೆ ಶೀಟ್ ಕೈಯಲ್ಲೇ ಬಾಗುತ್ತದೆ.

ಹಲಸಿನ ದಿಮ್ಮಿಯಲ್ಲಿ ಉಳಿಯಿಂದ ಗುಳಿ ತೋಡಿ, ಅದರ ಮೇಲೆ ಶೀಟ್ ಇಟ್ಟು ಕೊಡತಿಯಿಂದ ತಟ್ಟಿದೆ. ಮೊದಲ ಸುತ್ತಿನಲ್ಲಿ ಅದು ಹಾಗಲಕಾಯಿ ಸಿಪ್ಪೆ ಥರ ಆಗುತ್ತದೆ, ಹೆದರಬೇಡಿ. ತಟ್ಟುತ್ತಾ ಹೋದಂತೆ ಲೋಹ ಬಿಗಿಯುತ್ತದೆ. ಡಬ್ ಡಬ್ ಅನ್ನುತ್ತಿದ್ದದ್ದು ಟಣ್ ಅನ್ನತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ ಮತ್ತೆ ಸೋಪು, ಮತ್ತೆ ಟಾರ್ಚ್. ಆ ಸದ್ದು ಬಂದ ಮೇಲೂ ತಟ್ಟಿದರೆ ಅಂಚು ಸೀಳುತ್ತದೆ. ಕೊನೆಗೆ ಒಳಗಿನಿಂದ ಡಾಲಿ (ಕೈಯಲ್ಲಿ ಹಿಡಿಯುವ ನುಣುಪಾದ ಕಬ್ಬಿಣದ ಗಟ್ಟಿ) ಹಿಡಿದು ಮೇಲಿನಿಂದ ಹಗುರಾಗಿ ಸುತ್ತಿಗೆ ಆಡಿಸಿ ನುಣುಪು ಮಾಡಬೇಕು. ಸುತ್ತಿಗೆಯ ಮುಖ ಕನ್ನಡಿ ಥರ ಇರಲಿ, ಅದರ ಒಂದೊಂದು ಗೀರೂ ಶೀಟಿಗೆ ಇಳಿಯುತ್ತದೆ.

ಮೂತಿಯ ಎರಡು ಭಾಗಗಳನ್ನು ಕುಶಾಲನಗರದಲ್ಲಿ ಟಿಗ್ ವೆಲ್ಡಿಂಗ್ ಮಾಡಿಸಿದೆ. ಅಲ್ಯುಮಿನಿಯಂಗೆ ಎಸಿ ಕರೆಂಟಿನ ವೆಲ್ಡಿಂಗ್ ಬೇಕು, ಮಷೀನ್ ಅದನ್ನು ಮಾಡುತ್ತದಾ ಅಂತ ಮೊದಲೇ ಕೇಳಿ. "ಇಷ್ಟು ತೆಳು ಶೀಟಾ? ತೂತು ಬಿದ್ದರೆ ಬೈಬೇಡಿ ಸಾರ್" ಅಂದರು ವೆಲ್ಡರ್. ಬೀಳಲಿಲ್ಲ.

ಕೊಡಗಿನಲ್ಲಿ ಕಾರ್ ಬಾಡಿಗೆ ದೊಡ್ಡ ಶತ್ರು ಮಳೆ, ಅಲ್ವಾ? ಕಬ್ಬಿಣಕ್ಕೆ ಅಲ್ಯುಮಿನಿಯಂ ನೇರವಾಗಿ ತಾಗಿ ಮಧ್ಯೆ ನೀರು ನಿಂತರೆ ಅಲ್ಯುಮಿನಿಯಮ್ಮೇ ತಿನ್ನಿಸಿಕೊಳ್ಳುತ್ತದೆ, ಸಂದಿಯಲ್ಲಿ ಬಿಳಿ ಪುಡಿ ಏಳುತ್ತದೆ. ಅದಕ್ಕೆ ಚಾಸಿಗೆ ಪೂರ್ತಿ ಪೇಂಟ್ ಹೊಡೆದು, ಪ್ಯಾನೆಲ್ ಕೂರುವ ಕಡೆಯೆಲ್ಲ ರಬ್ಬರ್ ಟೇಪ್ ಹಾಕಿ, ಅಲ್ಯುಮಿನಿಯಂ ರಿವೆಟ್ ಹೊಡೆದೆ. ಕೆಳಗಿನ ಮಡಿಕೆಗಳಲ್ಲಿ ನೀರಿಳಿಯಲು ತೂತು ಬಿಡಿ. ಪೇಂಟಿಗೆ ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ಪ್ರೈಮರ್, ಬೇಕೇ ಬೇಕು, ಅದೂ ಉಜ್ಜಿದ ದಿನವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಂಟಿಂಗ್ ಸುದ್ದಿಗೇ ಹೋಗಬೇಡಿ. ನಾನು ಕಾಫಿ ಒಣಗಿಸುವ ಕಣ ಖಾಲಿಯಾಗುವವರೆಗೆ ಕಾದು, ಬಿಸಿಲಲ್ಲಿ ಹೊಡೆದೆ.