ಐದು ಬ್ಯಾಕ್ (ಫೇಲ್ ಆಗಿ ಉಳಿದ ಸಬ್ಜೆಕ್ಟು) ಇದ್ದೋನು ಏಳನೇ ಸೆಮ್‌ಗೆ ಎಲ್ಲಾ ಕ್ಲಿಯರ್ ಮಾಡ್ಕೊಂಡು ಹೋದ ಕಥೆ (ನನ್ನ ಅನುಭವ)

ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018 ಸ್ಕೀಮ್, ಇಂಜಿನಿಯರಿಂಗ್‌ನಲ್ಲಿ ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಬ್ರಾಂಚ್. ಮೂರನೇ ಸೆಮ್‌ನಲ್ಲಿ ಎಂ-3 (ಮೂರನೇ ಗಣಿತ ಪೇಪರ್), ನೆಟ್‌ವರ್ಕ್ ಥಿಯರಿ ಹೋಯ್ತು, ನಾಲ್ಕರಲ್ಲಿ ಸಿಗ್ನಲ್ಸ್ ಮತ್ತೆ ಸ್ಟ್ಯಾಟಿಸ್ಟಿಕ್ಸ್-ಲೀನಿಯರ್ ಆಲ್ಜೀಬ್ರಾ ಹೋಯ್ತು. ಒಟ್ಟು ನಾಲ್ಕು ಎಫ್, ಅಂದ್ರೆ ಫೇಲ್ (ಐದನೇದು ಆಮೇಲೆ ಬಂತು). ಆಗ್ಲೇ ಇನ್ನೊಂದು ಹೋಗಿದ್ರೆ ಇಯರ್ ಬ್ಯಾಕ್, ಮುಂದಿನ ವರ್ಷಕ್ಕೆ ಹೋಗೋ ಹಾಗಿರ್ಲಿಲ್ಲ. ಆ ರಿಸಲ್ಟ್ ಬಂದ ರಾತ್ರಿ ಸೀನಿಯರ್ಸ್, ಕ್ಲಾಸ್‌ಮೇಟ್ಸ್, ಮನೇಲಿ ಚಿಕ್ಕಪ್ಪ ಎಲ್ಲರೂ ಹೇಳಿದ್ದು ಒಂದೇ ಮಾತು, ಮೊದ್ಲು ಹಳೇ ಬ್ಯಾಕ್ ಎಲ್ಲಾ ಒಟ್ಟಿಗೆ ಮುಗಿಸು, ಈ ಸೆಮ್‌ದು ಹೇಗೋ ಆಗುತ್ತೆ ಅಂತ. ನಾನು ಉಲ್ಟಾ ಮಾಡಿದೆ. ಮುಳುಗ್ತೀಯ ಅಂದ್ರು. ಈಗ ಒಂದು ಎನ್‌ಐಟಿಯಲ್ಲಿ ಎಂಟೆಕ್ ಮಾಡ್ತಿದೀನಿ, ಅದಕ್ಕೇ ಬರೀತಿರೋದು.

ಮೊದ್ಲು ದುಡ್ಡು ಎಲ್ಲಿ ಕಳ್ಕೊಂಡೆ ಅಂತ ಹೇಳ್ತೀನಿ. ಎಂ-3ಯಲ್ಲಿ ನಂಗೆ ನೂರಕ್ಕೆ 32, ಪಾಸ್‌ಗೆ ಬೇಕಾದ 35ಕ್ಕೆ ಮೂರೇ ಮಾರ್ಕ್ಸ್ ಕಮ್ಮಿ, ಸರಿ ರೀವ್ಯಾಲ್ಯುಯೇಷನ್ ಹಾಕೋದ್ರಲ್ಲಿ ಅರ್ಥ ಇತ್ತು. ಆದ್ರೆ ನೆಟ್‌ವರ್ಕ್‌ನಲ್ಲಿ ಬಂದಿದ್ದು 23, ಅದಕ್ಕೂ ಹಾಕಿದೆ! ಎರಡಕ್ಕೂ ಸೇರಿ ಸಾವಿರದ ಆರ್ನೂರೋ ಏನೋ ಹೋಯ್ತು, ಎರಡರಲ್ಲೂ ಒಂದು ಮಾರ್ಕ್ ಬದಲಾಗ್ಲಿಲ್ಲ. ಆನ್ಸರ್ ಶೀಟ್ ಕಾಪಿ ತರಿಸಿ ನೋಡಿದಾಗ ತಪ್ಪು ಪೂರ್ತಿ ನಂದೇ ಅಂತ ಗೊತ್ತಾಯ್ತು, ಐದು ಮಾಡ್ಯೂಲ್‌ನಲ್ಲೂ (ಸಿಲಬಸ್‌ನ ಭಾಗ, ಒಂದೊಂದಕ್ಕೆ 20 ಮಾರ್ಕ್ಸ್) ಅರ್ಧರ್ಧ ಬರೆದಿದ್ದೆ, ಒಂದಾದ್ರೂ ಕೊನೇ ಸ್ಟೆಪ್‌ವರೆಗೆ ಹೋಗಿರ್ಲಿಲ್ಲ. ಆಮೇಲೆ ಇಪ್ಪತ್ತು ದಿನದ ಕ್ರ್ಯಾಶ್ ಕೋರ್ಸ್‌ಗೆ ನಾಲ್ಕು ಸಾವಿರ ಕಟ್ಟಿದೆ, ಒಂದು ರೂಮ್‌ಗೆ ನಲವತ್ತೈದು ಜನ, ಬೋರ್ಡ್ ಕೂಡ ಕಾಣ್ತಿರ್ಲಿಲ್ಲ. ಪರೀಕ್ಷೆ ಫೀಸು, ಜೆರಾಕ್ಸು ಎಲ್ಲಾ ಸೇರಿ ಐದು ಬ್ಯಾಕ್‌ಗೆ ಹನ್ನೊಂದು ಹನ್ನೆರಡು ಸಾವಿರ ಆಗಿರ್ಬೇಕು. ಅಪ್ಪನ ಹತ್ರ ಅರ್ಧ ಮಾತ್ರ ಕೇಳಿದ್ದು, ಮಿಕ್ಕಿದ್ದು ಜೂನಿಯರ್ಸ್‌ಗೆ ಮಿನಿ ಪ್ರಾಜೆಕ್ಟ್ ಬೋರ್ಡ್ ಸೋಲ್ಡರ್ ಮಾಡಿಕೊಟ್ಟು ಹೊಂದಿಸ್ಕೊಂಡೆ.

ಕಾಪಿ ಕೈಗೆ ಬಂದ ದಿನವೇ ಬ್ಲೂ ಬುಕ್‌ನ (ಇಂಟರ್ನಲ್ ಟೆಸ್ಟ್ ಬರೆಯೋ ಪುಸ್ತಕ) ಹಿಂದಿನ ಪೇಜಲ್ಲಿ ಒಂದು ಟೇಬಲ್ ಹಾಕಿದೆ. ಸಬ್ಜೆಕ್ಟು, ಎಷ್ಟು ಕಮ್ಮಿ, ಎಷ್ಟು ಕ್ರೆಡಿಟ್ಟು (ಗ್ರೇಡ್ ಲೆಕ್ಕದಲ್ಲಿ ಆ ಸಬ್ಜೆಕ್ಟ್‌ನ ತೂಕ), ಈ ಸೆಮ್‌ನ ಯಾವ ಪೇಪರ್ ಜೊತೆ ಹೊಂದುತ್ತೆ. ಕೊನೇ ಕಾಲಮ್ಮೇ ನನ್ನ ಕೈ ಹಿಡಿದಿದ್ದು. ಐದನೇ ಸೆಮ್‌ನಲ್ಲಿ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಓದಲೇಬೇಕಲ್ಲ, ಹಾಗಿದ್ರೆ ಸಿಗ್ನಲ್ಸ್ ಅದರ ಜೊತೆಗೇ, ಕನ್ವಲ್ಯೂಷನ್ನು ಝಡ್ ಟ್ರಾನ್ಸ್‌ಫಾರ್ಮು ಒಂದೇ ಸಲ ಕೂತು ಓದಿದ್ರೆ ಎರಡಕ್ಕೂ ಆಗುತ್ತೆ. ಎಂ-3 ಮೂರೇ ಮಾರ್ಕ್ಸ್ ದೂರ ಇತ್ತು, ಅದೂ ಸೇರ್ತು. ನೆಟ್‌ವರ್ಕ್, ಸ್ಟ್ಯಾಟಿಸ್ಟಿಕ್ಸ್ ಆರನೇ ಸೆಮ್‌ಗೆ ಬಿಟ್ಟೆ. ದೊಡ್ಡ ಸಬ್ಜೆಕ್ಟ್‌ನ ಬಿಟ್ಟು ಚಿಕ್ಕದರ ಹಿಂದೆ ಹೋಗ್ತಿದಾನೆ ಅಂತ ರೂಮ್‌ಮೇಟ್ ಇಡೀ ಫ್ಲೋರ್‌ಗೆ ಹೇಳ್ಕೊಂಡು ಬಂದ.

ದಿನಾ ಸಂಜೆ ಈ ಸೆಮ್‌ದು ಮಾತ್ರ, ಬ್ಯಾಕ್ ಪುಸ್ತಕ ಮುಟ್ತಿರ್ಲಿಲ್ಲ. ಐಎ (ಕಾಲೇಜಲ್ಲಿ ನಡೆಯೋ ಇಂಟರ್ನಲ್ ಟೆಸ್ಟ್) ಮುಗಿಯೋವರೆಗೆ ಹಾಗೇ. ಯಾಕಂದ್ರೆ ಐಎ ಮಾರ್ಕ್ಸ್ ಬ್ಯಾಂಕಲ್ಲಿ ಇಟ್ಟ ದುಡ್ಡಿದ್ದ ಹಾಗೆ, 40ಕ್ಕೆ 35 ಇದ್ರೆ ಎಕ್ಸ್‌ಟರ್ನಲ್‌ನಲ್ಲಿ (ಯೂನಿವರ್ಸಿಟಿ ಪರೀಕ್ಷೆ) ನೂರಕ್ಕೆ ಬರೀ 35, ಅಂದ್ರೆ 60ಕ್ಕೆ ಇಳಿಸಿದ್ರೆ 21 ತಗೊಂಡ್ರೂ 56 ಆಗುತ್ತೆ, ಗ್ರೇಡ್ ಪೂರ್ತಿ ಪಾತಾಳಕ್ಕೆ ಬೀಳಲ್ಲ. ಫೇಲ್ ಆದ್ರೂ ಆ ಐಎ ಹಾಗೇ ಉಳಿಯುತ್ತೆ. ಕೊನೇ ಇಪ್ಪತ್ತು ದಿನ ಮಾತ್ರ ಬ್ಯಾಕ್, ಅದೂ ಮೂರೇ ಮಾಡ್ಯೂಲು. ನೆಟ್‌ವರ್ಕ್‌ನಲ್ಲಿ ಥೀರಮ್ಸ್ ಮಾಡ್ಯೂಲು, ಟೂ ಪೋರ್ಟ್, ಲ್ಯಾಪ್ಲಾಸ್ ಇಷ್ಟೇ, ಝಡ್ ವೈ ಹೆಚ್ ಟಿ ಪ್ಯಾರಾಮೀಟರ್‌ಗಳನ್ನ ಒಂದರಿಂದ ಇನ್ನೊಂದಕ್ಕೆ ತಿರುಗಿಸೋದನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಬರೀಬೇಕು ಅನ್ನೋ ಹಾಗೆ ಮಾಡ್ದೆ. ಮೂರು ಮಾಡ್ಯೂಲ್ ಪೂರ್ತಿ ಬರೆದ್ರೆ 60ಕ್ಕೆ ಬರೆದ ಹಾಗೆ, ಅದರಲ್ಲಿ 35 ಬರದೇ ಎಲ್ಲಿಗೆ ಹೋಗುತ್ತೆ, ಉಳಿದ ಟೈಮಲ್ಲಿ ಬೇರೆ ಎರಡರಲ್ಲಿ ಗೊತ್ತಿದ್ದಷ್ಟು. ಯಾವ ಮೂರು ಅಂತ ಹಳೇ ಪೇಪರ್ ನೋಡಿ ಆರಿಸೋಕೆ ನಂದೇ ಒಂದು ಲೆಕ್ಕ ಇದೆ, ಅದನ್ನ ಇಲ್ಲಿ ಬರೆಯಲ್ಲ, ನಮ್ ಜೂನಿಯರ್ಸ್‌ಗೆ ಮಾತ್ರ ಎದುರಿಗೆ ಕೂರಿಸ್ಕೊಂಡು ಹೇಳ್ಕೊಡೋದು.

ಎಂ-3, ಸಿಗ್ನಲ್ಸ್ ಎರಡೂ ಹೋಗ್ಲಿ ಅಂದ್ಕೊಂಡೋರ ಮುಂದೆ ಕ್ಲಿಯರ್ ಆಯ್ತು. ಆದ್ರೆ ಅದೇ ಐದನೇ ಸೆಮ್‌ನಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ ವೇವ್ಸ್ ಹೋಯ್ತು, 33. ಹಿಂದಿನ ದಿನ ಭಯ ಬಿದ್ದು ನನ್ನ ಪದ್ಧತಿನೇ ಬಿಟ್ಟು ಐದೂ ಮಾಡ್ಯೂಲ್ ಮೇಲೆ ಮೇಲೆ ಓದ್ಕೊಂಡು ಹೋಗಿದ್ದೆ. ತುಂಬಾ ಹೊಟ್ಟೆ ಉರೀತು, ಯಾಕಂದ್ರೆ ಅದು ಆಗಬೇಕಿರ್ಲಿಲ್ಲ. ಆರನೇ ಸೆಮ್‌ನಲ್ಲಿ ರೆಗ್ಯುಲರ್ ಜೊತೆ ಮೂರು ಬ್ಯಾಕ್ ಬರೆದೆ, ಒಂದು ವಾರದಲ್ಲಿ ನಾಲ್ಕು ಪೇಪರ್ ಬಂತು, ಬಲಗೈ ಹೆಬ್ಬೆರಳು ಊದ್ಕೊಂಡಿತ್ತು. ಮೂರೂ ಪಾಸ್. 23 ಬಂದಿದ್ದ ನೆಟ್‌ವರ್ಕ್‌ನಲ್ಲಿ ಈ ಸಲ 52.

ಮಧ್ಯದಲ್ಲಿ ಒಂದಷ್ಟು ಪ್ರಯೋಗನೂ ಮಾಡ್ದೆ. ಫಾರ್ಮುಲಾಗಳನ್ನ ನನ್ನ ವಾಯ್ಸಲ್ಲೇ ರೆಕಾರ್ಡ್ ಮಾಡಿ ಬಸ್ಸಲ್ಲಿ ಕೇಳೋದು, ಏನೂ ಉಪಯೋಗ ಆಗ್ಲಿಲ್ಲ, ಗಣಿತ ಕಿವಿಯಿಂದ ಹೋಗಲ್ಲ. ಸಿಗ್ನಲ್ಸ್ ಮೇಲೆ ಎನ್‌ಪಿಟಿಇಎಲ್ (ಐಐಟಿಯೋರ ಆನ್‌ಲೈನ್ ಪಾಠ) ಕೋರ್ಸ್ ಮಾಡಿ ಸಾವಿರ ಕೊಟ್ಟು ಎಕ್ಸಾಮ್ ಬರೆದೆ, ಆ ಸರ್ಟಿಫಿಕೇಟ್ ಪ್ಲೇಸ್‌ಮೆಂಟ್‌ನಲ್ಲಿ ಯಾರೂ ತಿರುಗಿ ನೋಡ್ಲಿಲ್ಲ, ಆದ್ರೆ ಅದರ ವಾರದ ಅಸೈನ್‌ಮೆಂಟ್ ಇಲ್ದಿದ್ರೆ ಸಿಗ್ನಲ್ಸ್ ಆಗ್ತಿರ್ಲಿಲ್ಲ.

ಈಗ ಗ್ರೇಡ್ ವಿಷ್ಯ. ಎಫ್ ಅಂದ್ರೆ ಸೊನ್ನೆ ಪಾಯಿಂಟು. 24 ಕ್ರೆಡಿಟ್ ಸೆಮ್‌ನಲ್ಲಿ ನಾಲ್ಕು ಕ್ರೆಡಿಟ್‌ದು ಹೋದ್ರೆ, ಅಲ್ಲಿ 6 ಪಾಯಿಂಟ್ ಬರೋನಿಗೆ ಎಸ್‌ಜಿಪಿಎ (ಆ ಸೆಮ್‌ನ ಸರಾಸರಿ ಗ್ರೇಡ್ ಪಾಯಿಂಟು) ಪೂರ್ತಿ ಒಂದು ಬೀಳುತ್ತೆ. ಜನ ಹೆದರೋದು ಇದಕ್ಕೇ. ಆದ್ರೆ ಕ್ಲಿಯರ್ ಆದ್ಮೇಲೆ ಉಳಿಯೋ ಗಾಯ ಚಿಕ್ಕದು, ಡಿಗ್ರಿ ಪೂರ್ತಿ 175 ಕ್ರೆಡಿಟ್ಟು, ನಾಲ್ಕು ಕ್ರೆಡಿಟ್‌ದರಲ್ಲಿ 8 ಬದಲು 4 ಪಾಯಿಂಟ್ ಬಂದ್ರೆ ಸಿಜಿಪಿಎಗೆ (ಎಲ್ಲಾ ಸೆಮ್ ಸೇರಿದ ಸರಾಸರಿ) ಹೊಡೆತ 0.09 ಅಷ್ಟೇ. ನಿಜವಾದ ಹೊಡೆತ ಏಳನೇ ಸೆಮ್ ಶುರುವಲ್ಲಿ ಬ್ಯಾಕ್ ಇನ್ನೂ ಆ್ಯಕ್ಟಿವ್ ಇದ್ರೆ. ನಮ್ ಸ್ಕೀಮ್‌ನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿದ್ರೆ ಪರ್ಸೆಂಟೇಜು, ಹಾಗಾಗಿ ಕಂಪನಿಯೋರು ಕೇಳೋ 60 ಪರ್ಸೆಂಟ್‌ಗೆ 6.75 ಬೇಕು. ಆ ಮೂರು ಎಫ್ ಹಾಗೇ ಇದ್ದಿದ್ರೆ ನಂದು 6.4 ಚಿಲ್ಲರೆ, ಅಂದ್ರೆ 57ರ ಹತ್ರ. ಕ್ಲಿಯರ್ ಆಗಿ 6.84 ಆಯ್ತು, 60.9. ಎಷ್ಟು ಸಣ್ಣ ಸಂದಿಯಲ್ಲಿ ನುಸುಳಿದೆ ನೋಡಿ.

ಆದ್ರೂ ಎರಡು ದೊಡ್ಡ ಕಂಪನಿಗಳ ಪ್ಲೇಸ್‌ಮೆಂಟ್ ಡ್ರೈವ್ ಆರನೇ ಸೆಮ್ ರಿಸಲ್ಟ್‌ಗೆ ಮುಂಚೆನೇ ಬಂದು ಹೋದ್ವು, ಫಾರ್ಮಲ್ಲಿ ಆ್ಯಕ್ಟಿವ್ ಬ್ಯಾಕ್ 3 ಅಂತ ಹಾಕಿದ್ದಕ್ಕೆ ಟೆಸ್ಟ್ ಲಿಂಕೇ ಬರ್ಲಿಲ್ಲ. ಆಮೇಲಿನ ಒಂದು ಕಂಪನಿ ಇವತ್ತಿನವರೆಗೆ ಒಂದೂ ಬ್ಯಾಕ್ ಇರಬಾರದಿತ್ತು ಅಂದ್ರು. ಸೊನ್ನೆ ಅಂತ ಹಾಕ್ಬಿಡು, ಯಾರು ನೋಡ್ತಾರೆ ಅಂತ ಫ್ರೆಂಡ್ಸ್ ಹೇಳಿದ್ರು, ನಾನು ಹಾಕ್ಲಿಲ್ಲ, ಮಾರ್ಕ್ಸ್ ಕಾರ್ಡ್‌ಗಳು ಒಂದಲ್ಲ ಒಂದಿನ ವೆರಿಫಿಕೇಷನ್‌ಗೆ ಹೋಗ್ತವೆ. ಐದನೇ ಇಂಟರ್‌ವ್ಯೂನಲ್ಲಿ, ಚಿಕ್ಕ ಎಂಬೆಡೆಡ್ ಕಂಪನಿ, ನೆಟ್‌ವರ್ಕ್ ಯಾಕೆ ಹೋಯ್ತು ಅಂತ ಕೇಳಿದ್ರು. ಹೇಳೋ ಬದಲು ಪೇಪರ್ ಇಸ್ಕೊಂಡು ಒಂದು ಟೂ ಪೋರ್ಟ್ ಸರ್ಕ್ಯೂಟ್ ಬರೆದು ಅಲ್ಲೇ ಸಾಲ್ವ್ ಮಾಡಿ ಕೊಟ್ಟೆ. ಆ ಮೇಡಂ ಪೇಪರ್ ಮಡಿಸಿ ಫೈಲ್‌ಗೆ ಇಟ್ಕೊಂಡ್ರು. 3.6 ಲಕ್ಷ ಪ್ಯಾಕೇಜು, ಕ್ಲಾಸಲ್ಲಿ ಬ್ಯಾಕ್ ಇದ್ದೋರಲ್ಲಿ ಮೊದಲ ಆಫರ್ ನಂದೇ.

ಮುಂದಿನ ಓದಿಗೆ ಗೇಟ್ (ಎಂಟೆಕ್ ಸೇರೋಕೆ ಬರೆಯೋ ರಾಷ್ಟ್ರಮಟ್ಟದ ಪರೀಕ್ಷೆ) ದಾರಿ ಒಳ್ಳೇದು, ಬರೆಯೋಕೆ ಬ್ಯಾಕ್ ಎಷ್ಟಿತ್ತು ಅಂತ ಕೇಳಲ್ಲ, ಮೂರನೇ ವರ್ಷದಿಂದಲೇ ಬರೀಬಹುದು, ಸ್ಕೋರ್ ಮೂರು ವರ್ಷ ನಡೆಯುತ್ತೆ. ನಾನು ಏಳನೇ ಸೆಮ್‌ನಲ್ಲಿ ಬರೆದಿದ್ದು ಕ್ವಾಲಿಫೈ ಅಷ್ಟೇ, ಕೆಲಸದಲ್ಲಿ ಇದ್ಕೊಂಡು ಬರೆದ ಎರಡನೇದ್ರಲ್ಲಿ ಸೀಟ್ ಸಿಕ್ತು. ಎನ್‌ಐಟಿಗಳ ಎಂಟೆಕ್ ಸೀಟ್ ಹಂಚೋ ಸಿಸಿಎಂಟಿ ಕೌನ್ಸೆಲಿಂಗ್‌ಗೆ ಜನರಲ್‌ನೋರಿಗೆ ಸಿಜಿಪಿಎ 6.5 ಅಥವಾ 60 ಪರ್ಸೆಂಟ್ ಬೇಕು, ಕೊನೆಗೆ ನಂದು 7.05 ಆಗಿತ್ತು. ಅಷ್ಟೂ ಇಲ್ದೋರಿಗೆ ನಮ್ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಇದೆ, ಅಲ್ಲಿ ಜನರಲ್‌ಗೆ 50 ಪರ್ಸೆಂಟ್ ಸಾಕು.

ಜರ್ಮನಿಗೆ ಓದೋಕೆ ಹೋಗೋದು ಅಂದ್ರೆ ಮಾತ್ರ ನಾನು ಮೇಲೆ ಹೇಳಿದ ಚಿಕ್ಕ ಗಾಯ ದೊಡ್ಡದಾಗುತ್ತೆ. ಫ್ಲೋರ್‌ಗೆಲ್ಲಾ ಹೇಳ್ಕೊಂಡು ಬಂದ ಅದೇ ರೂಮ್‌ಮೇಟ್‌ದು 6.9, ಅವನೂ ಕೊನೇಲಿ ಬ್ಯಾಕ್‌ಗಳನ್ನ ಪಾಸ್ ಆದ್ರೆ ಸಾಕು ಅಂತ 4 ಪಾಯಿಂಟ್‌ಗೆ ಬರೆದಿದ್ದ. ನಮ್ ಗ್ರೇಡ್‌ನ ಜರ್ಮನ್ ಗ್ರೇಡ್‌ಗೆ ತಿರುಗಿಸೋ ಅವರ ಬವೇರಿಯನ್ ಫಾರ್ಮುಲಾಗೆ (ಅಲ್ಲಿ ಅಂಕಿ ಕಮ್ಮಿ ಇದ್ದಷ್ಟೂ ಒಳ್ಳೇದು) 10 ಮ್ಯಾಕ್ಸಿಮಮ್, 4 ಪಾಸಿಂಗ್ ಅಂತ ಹಾಕಿದ್ರೆ 2.55 ಬರುತ್ತೆ, ಅವನು ನೋಡಿದ್ದ ಕೋರ್ಸ್ ಕೇಳಿದ್ದು 2.5. ಸರಿಯಾಗಿ 7.0 ಇದ್ದಿದ್ರೆ ಆಗ್ತಿತ್ತು. ಈಗ ಕಟ್-ಆಫ್ ಇಲ್ದಿರೋ ಯೂನಿವರ್ಸಿಟಿಗಳ ಪಟ್ಟಿ ಇಟ್ಕೊಂಡು ಎಪಿಎಸ್ ಸರ್ಟಿಫಿಕೇಟ್‌ಗೆ (ನಮ್ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಜರ್ಮನಿಯೋರು ಪರಿಶೀಲಿಸಿ ಕೊಡೋದು) ಕಾಯ್ತಿದಾನೆ, ಪಟ್ಟಿ ಮಾಡೋಕೆ ಭಾನುವಾರ ಫೋನಲ್ಲಿ ನಾನೇ ಜೊತೆಗೆ ಕೂತಿದ್ದೆ.