ಮೂವತ್ತು ಸಿಪಾರಾ, ಮೂವತ್ತು ಮನೆ

"ಕುರ್‌ಆನನ್ನು ಮನೆಮನೆಗೆ ಹಂಚಿ ಓದಿಸಿದರೆ ಅದೆಂಥ ಖತಂ?" ಎಂದಿದ್ದರು ನನ್ನ ದೊಡ್ಡ ನಾದಿನಿ. ಖತಂ ಎಂದರೆ ಕುರ್‌ಆನ್ ಪೂರ್ತಿ ಓದಿ ಮುಗಿಸುವುದು, ಅದರ ಮೂವತ್ತು ಭಾಗಗಳೇ ಸಿಪಾರಾಗಳು. ಈಗ ಮೊಮ್ಮಗಳ ಮದುವೆಗೆಂದು ಅವರೇ ನನ್ನ ಸಿದ್ಧತೆಯ ಪಟ್ಟಿ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿರಿಯ ಮಗಳ ಮದುವೆಯ ಕುರ್‌ಆನ್ ಖಾನಿಯಲ್ಲಿ, ಅಂದರೆ ಎಲ್ಲರೂ ಕೂಡಿ ಓದುವ ಕೂಟದಲ್ಲಿ, ನಾನು ಸೋತಿದ್ದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಸಂಜೆಯ ಅಸರ್ ನಮಾಜಿನ ನಂತರ 14 ಹೆಂಗಸರನ್ನು ಕೂರಿಸಿದೆ. ಸಿಪಾರಾಕ್ಕೆ ಮುಕ್ಕಾಲು ಗಂಟೆ ಸಾಕೆಂದುಕೊಂಡಿದ್ದೆ. ವಯಸ್ಸಾದವರಿಗೆ ಒಂದೂವರೆ ಗಂಟೆ ಹಿಡಿಯಿತು. ಇಬ್ಬರು ಮುಟ್ಟಾಗಿದ್ದರಿಂದ ಓದಲಿಲ್ಲ. ರಾತ್ರಿಯ ಇಶಾ ಅಜಾನ್ ಕೇಳಿದಾಗ ಇನ್ನೂ 11 ಸಿಪಾರಾ ಬಾಕಿ, ಮಕ್ಕಳಿಗೆ ಹಸಿವು, ಬಿರಿಯಾನಿ ತಳ ಹಿಡಿದಿತ್ತು. ಶಾಮಿಯಾನ, ಊಟ ಸೇರಿ ಸುಮಾರು 35 ಸಾವಿರ ಖರ್ಚಾದರೂ ಕೊನೆಯ ಪ್ರಾರ್ಥನೆಯಾದ ದುವಾ ಮರುದಿನಕ್ಕೆ ಹೋಯಿತು. ಮಗಳ ಮುಖ ನೋಡಲಾಗಲಿಲ್ಲ.

ನಡುವೆ ಒಂದು ರಮ್ಜಾನಿನಲ್ಲಿ ಮೊಬೈಲ್ ಗುಂಪಿನಲ್ಲಿ ಹಂಚಿ ನೋಡಿದೆ. 12ನೆಯದನ್ನು ಇಬ್ಬರು ಓದಿದರು, 17ನೆಯದನ್ನು ಯಾರೂ ಓದಲಿಲ್ಲ.

ಕಿರಿಯವಳ ಮದುವೆಗೆ 15 ದಿನ ಇರುವಾಗಲೇ ಬಿಡಿ ಸಿಪಾರಾಗಳ ಪೆಟ್ಟಿಗೆ ತೆರೆದು, 29 ಮನೆಗಳಿಗೆ ನಾನೇ ನಡೆದು ಕೊಟ್ಟು ಬಂದೆ. ಓದಿದವರು ಪುಸ್ತಕವನ್ನು ಕೈಯಾರೆ ತಂದುಕೊಡಬೇಕು. ಫೋನಿನಲ್ಲಿ "ಆಯಿತು" ಎಂದರೆ ಲೆಕ್ಕಕ್ಕಿಲ್ಲ. ಬದಲಿಗೆಂದು ಮೂವರಿಗೆ ಮೊದಲೇ ಹೇಳಿಟ್ಟಿದ್ದೆ. ಯಾರಿಗೆ ಯಾವ ಸಿಪಾರಾ ಎಂಬ ಲೆಕ್ಕ ಮಾತ್ರ ನನ್ನಲ್ಲೇ ಇರಲಿ, 20 ವರ್ಷದ ಒಡನಾಟದಿಂದ ಬಂದದ್ದು ಅದು. ಓದಲಾಗದವರು ದರೂದ್, ಅಂದರೆ ಪ್ರವಾದಿಯವರಿಗಾಗಿ ಹೇಳುವ ಪ್ರಾರ್ಥನೆ, ಹೇಳುತ್ತ ಎಣಿಸಿದರು. ಅದಕ್ಕೆ ಅಮ್ಮನ ಕಾಲದ ಹುಣಸೆ ಬೀಜಗಳನ್ನೇ ಬಿಳಿ ಬಟ್ಟೆಯ ಮೇಲೆ ಸುರಿದಿದ್ದೆ. ಬೆರಳು ತಾಗಿ ತಾಗಿ ಅವು ಕನ್ನಡಿಯಂತೆ ಹೊಳೆಯುತ್ತವೆ.

ಮದುವೆಮನೆಯ ಜಾಗರಣೆಯಾದ ರತ್ಜಗಾಕ್ಕೆ ಮಾಡುವ ಗುಲ್ಗುಲೆ ಎಂಬ ಕರಿದ ಸಿಹಿ ಉಂಡೆಗೂ ಪ್ರಯೋಗ ಮಾಡಿದೆ. ಮೈದಾ ಹಿಟ್ಟಿನವು ಎಣ್ಣೆ ಕುಡಿದವು. ಗೋಧಿ ಹಿಟ್ಟು, ಬೆಲ್ಲ, ಸೋಂಪು, ಕಳಿತ ಬಾಳೆಹಣ್ಣು ಸರಿಹೋದವು. ಇನ್ನೊಂದು ಚಿಟಿಕೆ ಏನೋ ಇದೆ, ಅದನ್ನು ಮಗಳಿಗಷ್ಟೇ ಹೇಳಿದ್ದೇನೆ.

ಮದುವೆಯ ಮುನ್ನಾದಿನ ಎಲ್ಲರೂ ಕೂಡಿದಾಗ ಉಳಿದದ್ದು ಕೊನೆಯ 'ಅಮ್ಮ' ಸಿಪಾರಾ (ಅದರ ಮೊದಲ ಅರಬ್ಬಿ ಪದವೇ 'ಅಮ್ಮ') ಒಂದೇ. ಅದರಲ್ಲಿ ಸೂರಾಗಳು, ಅಂದರೆ ಅಧ್ಯಾಯಗಳು, 37 ಇದ್ದರೂ ಪುಟ್ಟವು. ಗಂಟೆಯೊಳಗೆ ಮುಗಿಯಿತು, ಚಹಾ, ಗುಲ್ಗುಲೆ, ಪ್ರಾರ್ಥನೆ ಓದಿಸಿದ ಸಕ್ಕರೆ ಎಲ್ಲ ಸೇರಿ 9 ಸಾವಿರ ದಾಟಲಿಲ್ಲ.

ಕೊನೆಯ ಸೂರಾಗಳನ್ನು ಮದುಮಗಳೇ ಓದಿದಳು. ಸೂರಾ ನಾಸ್ ಮುಗಿಯುತ್ತಿದ್ದಂತೆ, ಮತ್ತೆ ಆರಂಭಕ್ಕೆ ಹೋಗಬೇಕಲ್ಲ, ಮೊದಲನೆಯ ಸಿಪಾರಾವನ್ನು ರೆಹಲ್ ಎಂಬ ಓದುವ ಪೀಠದ ಮೇಲೆ ಇಟ್ಟೆ. ಅವಳು "ಅಲಿಫ್ ಲಾಮ್ ಮೀಮ್" ಎಂದು ಅದರ ಮೊದಲ ಅಕ್ಷರಗಳನ್ನು ಓದಿದಾಗ ದೊಡ್ಡ ನಾದಿನಿ ಸೆರಗು ಸರಿಪಡಿಸಿಕೊಂಡು, ಎಲ್ಲರಿಗಿಂತ ಮೊದಲು ದುವಾಕ್ಕೆ ಕೈ ಎತ್ತಿದರು.