ಮೂರು ದರಪಟ್ಟಿಗಳ ಹಿಂದೆ: ಶಾಲಾ ಖರೀದಿಯ ಕಡತ ಓದಿದ ನನ್ನ ಅನುಭವ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕ ಸದಸ್ಯನಾಗಿರುವ ನಾನು, ನಮ್ಮ ತಾಲ್ಲೂಕಿನ ಶಾಲೆಗಳಿಗೆ ಬಂದ ಡೆಸ್ಕುಗಳ ಖರೀದಿ ಕಡತವನ್ನು ತರಿಸಿ ಓದಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಮಗ್ರ ಶಿಕ್ಷಣ ಯೋಜನೆಯಿಂದ ಶಾಲೆಯ ಖಾತೆಗೇ ಬರುವ ಅನುದಾನ ದೊಡ್ಡದಲ್ಲ. ಅದರ ಓಚರುಗಳು ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುತ್ತವೆ, ಸಭೆಯಲ್ಲಿ ಕೇಳಿದರೆ ನೋಡಸಿಗುತ್ತವೆ. ತೊಡಕು ಇರುವುದು ಮೇಲಿನ ಕಚೇರಿಗಳು ಒಟ್ಟಾಗಿ ಖರೀದಿಸಿ, ಲಾರಿಯಲ್ಲಿ ತಂದು ಇಳಿಸಿಹೋಗುವ ಸಾಮಗ್ರಿಗಳಲ್ಲಿ. ದಾಸ್ತಾನು ವಹಿಯಲ್ಲಿ ಮುಖ್ಯೋಪಾಧ್ಯಾಯರು ಎಷ್ಟು ಬಂತೆಂದು ಬರೆದುಕೊಳ್ಳುತ್ತಾರೆ. ಬೆಲೆ ಅವರಿಗೂ ಗೊತ್ತಿರುವುದಿಲ್ಲ.

ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಎನ್ನುವುದು 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಮಾಡಿದ ರಾಜ್ಯದ ಕಾಯ್ದೆ. ಅದರ 4(ಇ) ಖಂಡ ಸಣ್ಣ ಮೊತ್ತದ ಖರೀದಿಗಳಿಗೆ ವಿನಾಯಿತಿ ಕೊಡುತ್ತದೆ. 4(ಜಿ) ಖಂಡದಡಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ವಿನಾಯಿತಿ ನೀಡಬಹುದು. ಟೆಂಡರಿನ ತೀರ್ಮಾನದಿಂದ ಅನ್ಯಾಯವಾಯಿತೆಂದರೆ 16ನೇ ಪ್ರಕರಣದಂತೆ ಮೇಲ್ಮನವಿ ಹೋಗಬಹುದಾದರೂ, ಆ ಹಕ್ಕಿರುವುದು ಟೆಂಡರ್ ಹಾಕಿದವರಿಗೆ ಮಾತ್ರ. ಟೆಂಡರನ್ನೇ ಕರೆಯದಿದ್ದರೆ ಸೋತವರೂ ಇರುವುದಿಲ್ಲ, ದೂರುವವರೂ ಇರುವುದಿಲ್ಲ. ನಮ್ಮ ಡೆಸ್ಕುಗಳನ್ನು ಕೊಂಡದ್ದೂ ಹೀಗೆ ಟೆಂಡರ್ ಇಲ್ಲದೆ, ವ್ಯಾಪಾರಿಗಳು ಕೊಟ್ಟ ದರಪಟ್ಟಿಗಳ (ಕೊಟೇಶನ್) ಮೇಲೆ. ಇಂಥ ಖರೀದಿಯ ಕಾಗದಗಳನ್ನು ಮಕ್ಕಳ ತಂದೆತಾಯಿಗಳೇ ಕೂತು ಓದಬೇಕು ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹಾಗಾಗಿ ದೂರು, ವಿವರಣೆ ಯಾವುದಕ್ಕೂ ಅಲ್ಲಿ ಜಾಗವಿಲ್ಲ. 'ಟೆಂಡರ್ ಏಕೆ ಕರೆಯಲಿಲ್ಲ' ಎಂದು ಕೇಳಿದರೆ, ಕಾರಣ ಹೇಳುವುದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ಅದರ ಬದಲು ವಿನಾಯಿತಿ ಆದೇಶದ ಪ್ರತಿ, ಬೇಡಿಕೆ ಪಟ್ಟಿ, ಬಂದ ಎಲ್ಲ ದರಪಟ್ಟಿಗಳು, ಅವುಗಳ ತುಲನಾತ್ಮಕ ಪಟ್ಟಿ, ಸರಬರಾಜು ಆದೇಶಗಳು, ಬಿಲ್ಲುಗಳು ಮತ್ತು ಅಧಿಕಾರಿಗಳು ತಮ್ಮ ಅಭಿಪ್ರಾಯ, ಸೂಚನೆ ಬರೆಯುವ ಕಡತದ ಟಿಪ್ಪಣಿ ಹಾಳೆ ಕೇಳಿದೆ. ವ್ಯಾಪಾರದ ಗೋಪ್ಯತೆಯ ನೆಪದಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಪ್ರಕರಣ ತೋರಿಸಿ, ಖರೀದಿ ಮಾಡಿದ ಕಚೇರಿ ನಿರಾಕರಿಸಿತು. ಖರೀದಿ ಮುಗಿದು ಸರ್ಕಾರದ ಹಣ ಪಾವತಿಯಾದ ಮೇಲೆ ದರದಲ್ಲಿ ಗೋಪ್ಯವೇನೂ ಉಳಿಯುವುದಿಲ್ಲ, ಅದೂ ಅಲ್ಲದೆ ಇದರಲ್ಲಿ ಸಾರ್ವಜನಿಕ ಹಿತ ಅಡಗಿದೆ ಎಂದು ಬರೆದು ಮೊದಲ ಮೇಲ್ಮನವಿ ಸಲ್ಲಿಸಿದ ಮೇಲೆ ಟಿಪ್ಪಣಿ ಹಾಳೆ ಮತ್ತು ವಿನಾಯಿತಿ ಆದೇಶ ಬಿಟ್ಟು ಉಳಿದದ್ದೆಲ್ಲ ಬಂತು. ವಿನಾಯಿತಿ ಆದೇಶ 'ಲಭ್ಯವಿಲ್ಲ' ಎಂದಿತ್ತು.

ಮೂರು ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಲೆಟರ್‌ಹೆಡ್ ಬೇರೆ, ಸಹಿ ಬೇರೆ, ಆದರೆ 'ಪ್ಲೈವುಡ್' ಎಂಬ ಪದವನ್ನು ಮೂವರೂ ಒಂದೇ ರೀತಿ ತಪ್ಪಾಗಿ ಟೈಪ್ ಮಾಡಿದ್ದರು. ಅದನ್ನು ಕಾಕತಾಳೀಯ ಎಂದು ಬದಿಗಿಡಬಹುದು. ಜಿಎಸ್‌ಟಿ ಸಂಖ್ಯೆಯನ್ನು ಹಾಗೆ ಬದಿಗಿಡಲಾಗದು. ಆ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್ ಸಂಖ್ಯೆ. ಎರಡು ದರಪಟ್ಟಿಗಳಲ್ಲಿ ಆ ಹತ್ತೂ ಅಕ್ಷರಗಳು ಒಂದೇ ಆಗಿದ್ದವು, ಅಂದರೆ ತನ್ನ ಮೇಲೆ ತಾನೇ ಸ್ಪರ್ಧೆಗಿಳಿದ ಒಬ್ಬನೇ ವ್ಯಾಪಾರಿ. ಮೂರನೆಯ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದಾಗ ಆ ಅಂಗಡಿಯ ನೋಂದಣಿ ದಿನಾಂಕ ಕಾಣಿಸಿತು. ದರಪಟ್ಟಿ ಅದಕ್ಕಿಂತ ಹಿಂದಿನ ದಿನಾಂಕದ್ದು. ಈ ಹುಡುಕಾಟಕ್ಕೆ ಲಾಗಿನ್ ಬೇಡ, ಯಾರು ಬೇಕಾದರೂ ಮಾಡಬಹುದು.

ಸರಬರಾಜು ಆದೇಶಗಳದು ಇನ್ನೊಂದು ಕಥೆ. ಒಂದೇ ಮಾದರಿಯ ಡೆಸ್ಕು, ಒಬ್ಬನೇ ಸರಬರಾಜುದಾರ, ಬೆನ್ನುಬೆನ್ನಿಗೆ ಹೊರಟ ಆದೇಶಗಳು, ಪ್ರತಿಯೊಂದರ ಮೊತ್ತವೂ ಟೆಂಡರ್ ಮಿತಿಗೆ ಸ್ವಲ್ಪ ಕೆಳಗೆ. ಕಾಮಗಾರಿಯಲ್ಲಿ ತುಂಡು ಗುತ್ತಿಗೆ ಎಂದು ನಾವು ಕರೆಯುವುದನ್ನೇ ಇಲ್ಲಿ ಸಾಮಗ್ರಿಯಲ್ಲಿ ಮಾಡಲಾಗಿತ್ತು. ಬೇಡಿಕೆಯನ್ನು ಹೀಗೆ ಒಡೆದು ಖರೀದಿಸಬಾರದೆಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 157ನೇ ನಿಯಮ ನೇರವಾಗಿಯೇ ಹೇಳುತ್ತದೆ. ಆದೇಶದಲ್ಲಿ 18 ಮಿ.ಮೀ. ಪ್ಲೈವುಡ್ ಎಂದಿದ್ದ ಹಲಗೆ ನಮ್ಮ ಶಾಲೆಯಲ್ಲಿ ಅಳೆದರೆ 12 ಮಿ.ಮೀ. ಇತ್ತು, ಅಂಚಿನ ಪಟ್ಟಿ ಕಿತ್ತಿದ್ದ ಕಡೆ ಒಳಗೆ ಕಂಡದ್ದು ಪ್ಲೈವುಡ್ ಅಲ್ಲ, ಮರದ ಹೊಟ್ಟು ಒತ್ತಿ ಮಾಡಿದ ಹಲಗೆ. ಎರಡನೇ ತರಗತಿಯ ಮಕ್ಕಳು ಚೀಲ ಇಡುವಷ್ಟಕ್ಕೇ ಅದು ಬಾಗುತ್ತಿತ್ತು.

ಟೆಂಡರ್ ಇಲ್ಲದ ಖರೀದಿಯೆಲ್ಲ ಕಳ್ಳತನವೆಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಹೆಂಚು ಹಾರಿಹೋದ ಕೊಠಡಿಗೆ ಟೆಂಡರ್ ಕರೆದು ಕಾಯುತ್ತ ಕೂರಲಾಗದು. ಆದರೆ ಡೆಸ್ಕು ತುರ್ತಿನ ವಸ್ತುವಲ್ಲ. ಅಳತೆಯ ವಿವರಕ್ಕೆ ಮುಖ್ಯೋಪಾಧ್ಯಾಯರ ಸಹಿ ಕೇಳಿದಾಗ, 'ನನಗಿನ್ನೂ ಸರ್ವಿಸ್ ಇದೆ ಸಾರ್, ನನ್ನನ್ನು ಎಳೆಯಬೇಡಿ' ಎಂದರು. ಅವರ ಭಯ ನ್ಯಾಯವಾದದ್ದು. ಹಾಗಾಗಿ ಅಳತೆಯನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ಪೋಷಕ ಸದಸ್ಯರ ಸಹಿಯೊಂದಿಗೆ ದಾಖಲಿಸಿದೆವು.

ಪ್ರತಿಗಳಿಗೆ ಪುಟ ಸಂಖ್ಯೆ ಹಾಕಿ, ಯಾವ ಪುಟದಲ್ಲಿ ಏನಿದೆ ಎಂದು ಒಂದೇ ಹಾಳೆಯಲ್ಲಿ ಬರೆದು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟೆವು. ಮನವಿಯಲ್ಲಿ ಯಾರನ್ನೂ ಕಳ್ಳರೆನ್ನಲಿಲ್ಲ. ಲೆಕ್ಕಪರಿಶೋಧನೆ ಮಾಡಿಸಿ ಎಂದಷ್ಟೇ ಕೇಳಿದೆವು. ಬಾಕಿಯಿದ್ದ ಬಿಲ್ಲುಗಳ ಪಾವತಿ ನಿಂತಿದೆ, ನಮ್ಮ ಶಾಲೆಯ ಹಲಗೆಗಳನ್ನು ಸರಬರಾಜುದಾರ ಬದಲಿಸಿಕೊಟ್ಟಿದ್ದಾನೆ. ಬೇರೆ ಶಾಲೆಗಳವು ಹಾಗೆಯೇ ಇವೆ. ಅಲ್ಲಿನ ಎಸ್‌ಡಿಎಂಸಿಗಳೂ ಅಳತೆ ಬರೆದು ಕಳಿಸಲಿ ಎಂದು ನಡಾವಳಿಯ ನಮೂನೆಯನ್ನು ಹಂಚಿದ್ದೇವೆ. ಖರೀದಿಯನ್ನು ಒಡೆಯಲು ಹೇಳಿದವರು ಯಾರೆಂದು ತಿಳಿಯಬೇಕಾದರೆ ಟಿಪ್ಪಣಿ ಹಾಳೆ ಬೇಕು. ಅದಕ್ಕಾಗಿ ಮಾಹಿತಿ ಆಯೋಗಕ್ಕೆ ಸಲ್ಲಿಸಿರುವ ಎರಡನೇ ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿಲ್ಲ.